ಬಾಲ್ಯದ ಚಿತ್ರಗಳು, ಬರಲಿರುವ ಸೂಪರ್‌ಹೀರೋಗಳು: ಹತ್ತು ವರ್ಷದ ಮಗನಿಗೆ ಯಾವುದನ್ನು ತೋರಿಸಲಿ?

ಗುಬ್ಬಿ ಗೇಟ್ (ತುಮಕೂರು) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಹತ್ತು ವರ್ಷ. ಐರನ್ ಮ್ಯಾನ್ ತೊಟ್ಟ ಕವಚಗಳನ್ನು ಕ್ರಮಸಂಖ್ಯೆಯ ಸಮೇತ ಹೇಳಬಲ್ಲ. ಹದಿಮೂರರ ಮಗ್ಗಿಗೆ ಬಂದಾಗ ಮಾತ್ರ ನಾಲಿಗೆ ತಡವರಿಸುತ್ತದೆ. ಈ ಸಂಕ್ರಾಂತಿಯ ರಜೆಯಲ್ಲಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಾನು ಅವನ ವಯಸ್ಸಿನಲ್ಲಿದ್ದಾಗ ನೋಡಿ ಮೈಮರೆತಿದ್ದ 'ಬಬ್ರುವಾಹನ'ವನ್ನು ಮೊಬೈಲಿನಲ್ಲಿ ಹಾಕಿದೆ. ಬಾಣಕ್ಕೆ ಬಾಣ ತಾಗಿ ಆಕಾಶದಲ್ಲಿ ಕಿಡಿ ಹಾರುವಾಗ, ಅಂದು ನಾನು ಉಸಿರು ಬಿಗಿಹಿಡಿದಿದ್ದ ಅದೇ ಜಾಗದಲ್ಲಿ, ಅವನು ಕಿಸಕ್ಕನೆ ನಕ್ಕುಬಿಟ್ಟ. ಅವನು ನಕ್ಕದ್ದಕ್ಕೆ ನನಗೆ ಬೇಸರವಿಲ್ಲ. ಅವನು ನಕ್ಕ ಮೇಲೆ ನನ್ನ ಕಣ್ಣಿಗೂ ಆ ಬಾಣಗಳು ದಾರಕ್ಕೆ ಕಟ್ಟಿದ ಕಡ್ಡಿಗಳಂತೆ ಕಂಡವಲ್ಲ, ಅದಕ್ಕೆ ಬೇಸರ.

ನಾನು ಹುಟ್ಟಿ ಬೆಳೆದದ್ದು ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. 1983ರ 'ಭಕ್ತ ಪ್ರಹ್ಲಾದ' ನಮ್ಮ ಕಡೆಯ ಟೆಂಟಿಗೆ ಬರುವಷ್ಟರಲ್ಲಿ ಏಳೆಂಟು ವರ್ಷವೇ ಕಳೆದಿತ್ತು. ಪ್ರಿಂಟು ಸವೆದು, ತೆರೆಯ ಮೇಲೆ ಚಿತ್ರದುದ್ದಕ್ಕೂ ಮಳೆ ಸುರಿದಂತೆ ಗೆರೆಗಳು ಬೀಳುತ್ತಿದ್ದವು. ನೆಲದ ಟಿಕೆಟ್ಟಿನಲ್ಲಿ ಮರಳು ಗುಡ್ಡೆ ಮಾಡಿಕೊಂಡು ಕೂತಿದ್ದ ನಮಗೆ ಅದೊಂದೂ ಅಡ್ಡಿಯಾಗಲಿಲ್ಲ. ರಾಜ್‌ಕುಮಾರರ ಹಿರಣ್ಯಕಶಿಪು ಗದೆ ಎತ್ತಿ ಕಂಬದತ್ತ ನಡೆದಾಗ, ಪಕ್ಕದಲ್ಲಿದ್ದ ನನ್ನ ಚಿಕ್ಕಮ್ಮನ ಮಗ ನಮ್ಮಮ್ಮನ ಸೆರಗಿನೊಳಗೆ ತಲೆ ಹುದುಗಿಸಿದವನು ಚಿತ್ರ ಮುಗಿಯುವವರೆಗೂ ಹೊರಗೆ ತೆಗೆಯಲಿಲ್ಲ. ರಾಜ್‌ಕುಮಾರರು ಹುಡುಗನಾಗಿದ್ದಾಗಲೇ ತಂದೆಯವರೊಡನೆ ಗುಬ್ಬಿ ನಾಟಕ ಕಂಪನಿಯನ್ನು ಸೇರಿ, ಮೈಕು ಇರಲಿ ಬಿಡಲಿ ಕೊನೆಯ ಸಾಲಿನವರೆಗೂ ಮಾತು ಮುಟ್ಟಿಸುವುದನ್ನು ರಂಗದ ಮೇಲೆ ಕಲಿತವರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ನಮ್ಮ ತಾಲ್ಲೂಕಿನವನೆಂಬ ಅಭಿಮಾನಕ್ಕೆ ಇಷ್ಟು ಹೇಳಿದೆ, ಕ್ಷಮಿಸಿ.

ಈಗ ವಿಷಯಕ್ಕೆ ಬರುತ್ತೇನೆ. 'ಅವೆಂಜರ್ಸ್: ಡೂಮ್ಸ್‌ಡೇ' 2026ರ ಡಿಸೆಂಬರ್ 18ಕ್ಕೆ ಎಂದು ಪ್ರಕಟವಾಗಿದ್ದು, ಮಗ ಈಗಿನಿಂದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾನೆ. 2019ರ 'ಎಂಡ್‌ಗೇಮ್'ನಲ್ಲಿ ಐರನ್ ಮ್ಯಾನ್ ಆಗಿ ಪ್ರಾಣ ಬಿಟ್ಟ ರಾಬರ್ಟ್ ಡೌನಿ ಜೂನಿಯರ್, ಈ ಚಿತ್ರದಲ್ಲಿ ಡಾಕ್ಟರ್ ಡೂಮ್ ಎಂಬ ಖಳನಾಗಿ ಮರಳುತ್ತಾರಂತೆ. ಅರ್ಜುನನೂ ಬಬ್ರುವಾಹನನೂ ರಾಜ್‌ಕುಮಾರರೇ ಆಗಿದ್ದು, ಮಗನ ಬಾಣಕ್ಕೆ ತಂದೆ ಬೀಳುವುದನ್ನು 1977ರ ಚಿತ್ರದಲ್ಲೇ ಕಂಡ ನಮ್ಮಂಥವರಿಗೆ ಒಂದೇ ಮುಖ ಎರಡು ಪಕ್ಷದಲ್ಲಿ ನಿಲ್ಲುವುದು ಹೊಸದೇನಲ್ಲ. ಆದರೆ ಅರ್ಜುನ ಬಿದ್ದಾಗ ನಾನು ನಿಜವಾಗಿ ಅತ್ತಿದ್ದೆ. ಈ ಚಿತ್ರಗಳಲ್ಲಿ ಒಬ್ಬ ಸತ್ತರೆ ಮತ್ತೊಂದು ಜಗತ್ತಿನಿಂದ ಅವನದೇ ಇನ್ನೊಂದು ಪ್ರತಿಯನ್ನು ತಂದು ನಿಲ್ಲಿಸುವ ಅನುಕೂಲವಿದೆ. ಹಾಗಿರುವಾಗ ಮಗು ಯಾರಿಗಾಗಿ ಅಳಬೇಕು? ನಮ್ಮ ಕಾಲದ ಚಿತ್ರಗಳೇ ಚೆನ್ನಾಗಿದ್ದವೋ ಅಥವಾ ನಾವು ಚಿಕ್ಕವರಾಗಿದ್ದೆವು ಎಂಬುದಷ್ಟೇ ಕಾರಣವೋ? ಡಿಸೆಂಬರಿನೊಳಗೆ ಅವನಿಗೆ ಯಾವುದನ್ನು, ಹೇಗೆ ತೋರಿಸಿದರೆ ಒಳ್ಳೆಯದು?

ಅಂತರಗಂಗೆ (ಕೋಲಾರ) ಅವರ ಉತ್ತರ:

ನಮಸ್ಕಾರ ಸರ್. ಮೊದಲು ಒಂದು ತಕರಾರು: ಅರ್ಜುನ ಬಿದ್ದದ್ದಕ್ಕೆ ಅತ್ತೆ ಎಂದಿರಿ, ಆದರೆ ಅವನೂ ಸತ್ತವರನ್ನು ಬದುಕಿಸುವ ನಾಗಲೋಕದ ಮಣಿಯ ಪ್ರಭಾವದಿಂದ ಎದ್ದು ಕುಳಿತನಲ್ಲ! ಸತ್ತವರನ್ನು ಎಬ್ಬಿಸುವ ವಿದ್ಯೆಯನ್ನು ಅಮೆರಿಕದವರು ಕಂಡುಹಿಡಿದದ್ದೇನೂ ಅಲ್ಲ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿಸಿಕೊಂಡು ಕೇಳಿದ ನಮ್ಮ ಹಿರಿಯರಿಗೆ ಅರ್ಜುನ ಮತ್ತೆ ಏಳುತ್ತಾನೆಂಬುದು ಗೊತ್ತೇ ಇತ್ತು, ಆದರೂ ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. ಏಕೆಂದರೆ ಆ ಮಣಿ ಸುಮ್ಮನೆ ಕೈಗೆ ಬರುವುದಿಲ್ಲ. ತಂದೆಯನ್ನು ಕೊಂದ ಮಗನೇ ಪಾತಾಳಕ್ಕಿಳಿದು ನಾಗರೊಡನೆ ಇನ್ನೊಂದು ಯುದ್ಧ ಮಾಡಿ ಅದನ್ನು ತರಬೇಕು. ಮರಳಿ ಬರುವುದಕ್ಕೆ ಯಾರು ಏನನ್ನು ತೆತ್ತರು ಎಂಬುದಷ್ಟೇ ನನ್ನ ಅಳತೆಗೋಲು. 'ಎಂಡ್‌ಗೇಮ್'ನ ಸಾವಿಗೆ ಆ ತೂಕವಿತ್ತು. 'ಡೂಮ್ಸ್‌ಡೇ'ಯಲ್ಲಿ ಅದೇ ನಟನನ್ನು ಮರಳಿ ತಂದದ್ದಕ್ಕೆ ಕಥೆಯೊಳಗೆ ಏನಾದರೂ ಕಾರಣವಿದ್ದರೆ ಸರಿ, ಟಿಕೆಟ್ ಮಾರುವುದಷ್ಟೇ ಕಾರಣವಾಗಿದ್ದರೆ ನಿಮ್ಮ ಮಗ ನಿಮಗಿಂತ ಮೊದಲು ಅದನ್ನು ಪತ್ತೆ ಹಚ್ಚುತ್ತಾನೆ.

ಎರಡನೆಯದು, ತಪ್ಪು ನಿಮ್ಮದೇ. ಟೆಂಟಿನ ಕತ್ತಲಲ್ಲಿ, ಇನ್ನೂರು ಜನರ ನಡುವೆ, ತೆರೆಯತ್ತ ತಲೆಯೆತ್ತಿ ನೋಡಿದ್ದನ್ನು ಅಂಗೈಯಗಲದ ಗಾಜಿನಲ್ಲಿ, ಅದೂ ಹಗಲು ಹೊತ್ತಿನಲ್ಲಿ ತೋರಿಸಿದಿರಿ. ಆ ಅಳತೆಗೆ ಇಳಿಸಿದರೆ ಹಿರಣ್ಯಕಶಿಪುವೂ ಗೊಂಬೆಯೇ.

ಬರಲಿರುವ ಚಿತ್ರಗಳಲ್ಲಿ ನಾನು ಕಾಯುತ್ತಿರುವುದು ಬೇರೊಂದನ್ನು. 2025ರ ಜುಲೈನಲ್ಲಿ ಬಿಡುಗಡೆಯಾದ 'ಮಹಾವತಾರ ನರಸಿಂಹ' ಎಂಬ ಅನಿಮೇಷನ್ ಚಿತ್ರವನ್ನು ಕನ್ನಡದಲ್ಲೇ ನೋಡಿದೆವು. ಅದು ನಿಮ್ಮ ಪ್ರಹ್ಲಾದನದೇ ಕಥೆ. ಅದೇ ಸರಣಿಯಲ್ಲಿ 2037ರವರೆಗೆ ಒಟ್ಟು ಏಳು ಚಿತ್ರಗಳನ್ನು ಘೋಷಿಸಿದ್ದು, ಮುಂದಿನದು 2027ಕ್ಕೆ ಪರಶುರಾಮನದು. ಕೋಲಾರದವನಾದ ನನಗೆ ಇದು ಮನೆಯ ಸಂಗತಿ. ನಮ್ಮ ಶತಶೃಂಗದ ಬೆಟ್ಟಸಾಲಿನಲ್ಲೇ ಜಮದಗ್ನಿಯ ಆಶ್ರಮವಿತ್ತು, ಪರಶುರಾಮ ಕಾರ್ತವೀರ್ಯಾರ್ಜುನನನ್ನು ಕೊಂದಾಗ ಎದ್ದ ಕೋಲಾಹಲದಿಂದ ಊರಿಗೆ ಕೋಲಾಹಲಪುರ ಎಂಬ ಹೆಸರು ಬಂದು, ಅದೇ ಮುಂದೆ ಕೋಲಾರವಾಯಿತು ಎಂದು ಇಲ್ಲಿನ ಸ್ಥಳಪುರಾಣ ಹೇಳುತ್ತದೆ. ಅಂತರಗಂಗೆಯ ಮೆಟ್ಟಿಲು ಹತ್ತುವಾಗ ನನ್ನ ಅಜ್ಜ ಬಂಡೆಗಳನ್ನು ತೋರಿಸಿ ಈ ಕಥೆಯನ್ನು ಹೇಳುತ್ತಿದ್ದರು. ಚಿತ್ರದಲ್ಲಿ ಆ ಬೆಟ್ಟ ಹಿಮಾಲಯದಂತೆ ಹೊಳೆಯುತ್ತಿದ್ದರೆ ನನಗೆ ಕೋಪ ಬರುವುದು ಖಂಡಿತ. ನಮ್ಮದು ಬೋಳು ಬಂಡೆ, ಸೀತಾಫಲದ ಗಿಡ, ಕೋತಿ ಇರುವ ಬೆಟ್ಟ.

ಕೈವಾರದ ದಾರಿ (ಚಿಂತಾಮಣಿ) ಅವರ ಉತ್ತರ:

ಅಂತರಗಂಗೆಯವರ ಅಳತೆಗೋಲನ್ನು ಒಪ್ಪುತ್ತೇನೆ, ಆದರೆ ದೇವರನ್ನು ಸೂಪರ್‌ಹೀರೋಗಳ ಪಟ್ಟಿಗೆ ಸೇರಿಸುವುದರಲ್ಲಿ ನನಗೆ ಅನುಮಾನವಿದೆ. ನಮ್ಮ ಗಡಿಯ ಕಡೆ ತೆಲುಗು ಚಿತ್ರಗಳು ಕನ್ನಡ ಚಿತ್ರಗಳಷ್ಟೇ ಸಲೀಸಾಗಿ ಓಡುತ್ತವೆ. 2024ರ ಸಂಕ್ರಾಂತಿಗೆ 'ಹನುಮಾನ್' ಬಂದಾಗ ಮನೆಮಂದಿಯೆಲ್ಲ ಹೋಗಿದ್ದೆವು. ಸಾಧಾರಣ ಹುಡುಗನೊಬ್ಬನಿಗೆ ಶಕ್ತಿ ಬರುವವರೆಗೆ ನನ್ನ ಮಕ್ಕಳು ಕುರ್ಚಿಯ ತುದಿಯಲ್ಲಿದ್ದರು. ಶಕ್ತಿ ಬಂದ ಮೇಲೆ ಪಾಪ್‌ಕಾರ್ನ್ ಕೇಳಿದರು. ಅದರ ಮುಂದಿನ ಭಾಗವಾದ 'ಜೈ ಹನುಮಾನ್'ನಲ್ಲಿ ನಮ್ಮ ರಿಷಬ್ ಶೆಟ್ಟಿ ಅವರೇ ಹನುಮಂತನೆಂದು ಪ್ರಕಟಿಸಿದ್ದಾರೆ. ನೋಡುತ್ತೇನೆ, ನಮಸ್ಕಾರವನ್ನೂ ಮಾಡುತ್ತೇನೆ, ಆದರೆ ಹನುಮಂತ ಸೋಲುವುದಿಲ್ಲ ಎಂದು ಮೊದಲೇ ಗೊತ್ತಿದ್ದರೆ ಅದು ಭಜನೆಯ ಸುಖವೇ ಹೊರತು ಕಥೆಯ ಸುಖವಲ್ಲ.

ಗುಬ್ಬಿ ಗೇಟ್ ಅವರ 'ಭಕ್ತ ಪ್ರಹ್ಲಾದ'ವನ್ನೇ ನೋಡಿ. ಅದರಲ್ಲಿ ಸಕಲ ಶಕ್ತಿಯೂ ಇರುವುದು ಖಳನ ಬಳಿ. ಹಗಲೂ ಅಲ್ಲ, ರಾತ್ರಿಯೂ ಅಲ್ಲ, ಒಳಗೂ ಅಲ್ಲ, ಹೊರಗೂ ಅಲ್ಲ ಎಂಬ ವರವೆಲ್ಲ ಅವನದು. ಪುನೀತ್ ರಾಜ್‌ಕುಮಾರ್ ಮಾಡಿದ ಆ ಪುಟ್ಟ ಹುಡುಗನ ಬಳಿ ಇರುವುದು ಒಂದು ಹೆಸರು ಮಾತ್ರ. ನಾವು ಹೆದರಿದ್ದು ಅದಕ್ಕೇ. ಗದೆಯನ್ನು ಪ್ರಹ್ಲಾದನ ಕೈಗೆ ಕೊಟ್ಟಿದ್ದರೆ ನಿಮ್ಮ ಚಿಕ್ಕಮ್ಮನ ಮಗ ಸೆರಗಿನೊಳಗೆ ತಲೆ ಹಾಕುತ್ತಿರಲಿಲ್ಲ.

ನನ್ನ ಹಟ್ಟಿಯಿಂದ ನೋಡಿದರೆ ಕೈವಾರದ ಬೆಟ್ಟ ಕಾಣುತ್ತದೆ. ಅದೇ ಏಕಚಕ್ರನಗರವೆಂದೂ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಎಂದೂ ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಅಜ್ಜಿ ಈ ಕಥೆಯನ್ನು ಹೇಳುವಾಗ ಕಾಳಗವನ್ನು ಎರಡೇ ಮಾತಿನಲ್ಲಿ ಮುಗಿಸಿ, ಭೀಮ ರಾಕ್ಷಸನಿಗೆ ಬೆನ್ನು ಹಾಕಿ ಕೂತು ಬಂಡಿಯ ಅನ್ನವನ್ನೆಲ್ಲ ಉಂಡದ್ದನ್ನು ಅರ್ಧ ಗಂಟೆ ವರ್ಣಿಸುತ್ತಿದ್ದಳು. ಮುದ್ದೆ, ಉಪ್ಪುಸಾರು, ಹುರುಳಿಕಾಳು ಎಲ್ಲವೂ ಆ ಬಂಡಿಯಲ್ಲಿ ಇರುತ್ತಿದ್ದವು. ಆ ಮನೆಯ ಮಗನ ಬದಲಿಗೆ ಅವನು ಹೋದ ಎಂಬುದು ಕಥೆಯ ಜೀವ, ಉಂಡದ್ದು ಅದರ ರುಚಿ. ಈಗಿನ ಚಿತ್ರಗಳಲ್ಲಿ ನನಗೆ ಈ ಎರಡೂ ಒಟ್ಟಿಗೆ ಸಿಕ್ಕಿದ್ದು 2021ರ ಮಲಯಾಳಂನ 'ಮಿನ್ನಲ್ ಮುರಳಿ'ಯಲ್ಲಿ. ಅದರಲ್ಲಿ ನಾಯಕ ಊರಿನ ದರ್ಜಿ. ಅವನಿಗೆ ಹೊಡೆದ ಸಿಡಿಲೇ ಊರಿನವರ ತಾತ್ಸಾರಕ್ಕೆ ಗುರಿಯಾದ ಇನ್ನೊಬ್ಬನಿಗೂ ಹೊಡೆದು ಅವನನ್ನು ಖಳನಾಗಿಸುತ್ತದೆ. ನಿಮ್ಮ ಮಗನಿಗೆ ಮೊದಲು ಅದನ್ನು ತೋರಿಸಿ. 2025ರ 'ಲೋಕಾ'ವನ್ನು ಇನ್ನೆರಡು ವರ್ಷ ಬಿಟ್ಟು ತೋರಿಸಬಹುದು. ಯಕ್ಷಿಯ ಕಥೆಯನ್ನು ಬೆಂಗಳೂರಿನ ಬೀದಿಗೆ ತಂದ ಜಾಣ್ಮೆ ಇಷ್ಟವಾದರೂ, ಅದು ಹತ್ತು ವರ್ಷದವನಿಗೆ ತುಸು ಕತ್ತಲೆಯ ಚಿತ್ರ.

ಚಿಂಟು ಕಾಲದವಳು (ತಿಪಟೂರು) ಅವರ ಉತ್ತರ:

ಇಬ್ಬರೂ ಹಿರಿಯರು ಕ್ಷಮಿಸಬೇಕು. ಬಾಲ್ಯದ ಚಿತ್ರ ಎಂದ ಕೂಡಲೇ ಟೆಂಟು, ನೆಲದ ಟಿಕೆಟ್ಟು ಎಂದೇ ಎಲ್ಲರೂ ಆರಂಭಿಸುತ್ತೀರಿ. ನನಗೆ ಇಪ್ಪತ್ತೇಳು ವರ್ಷ; ನನ್ನ ಬಾಲ್ಯದ ಚಿತ್ರ ಟೋಬಿ ಮ್ಯಾಗ್ವೈರ್ ಅವರ ಸ್ಪೈಡರ್‌ಮ್ಯಾನ್. 2004ರ ಎರಡನೆಯ ಭಾಗದಲ್ಲಿ ಅವನು ಪಿಜ್ಜಾ ತಲುಪಿಸುವ ಕೆಲಸ ಕಳೆದುಕೊಳ್ಳುತ್ತಾನೆ, ಬಾಡಿಗೆ ಕಟ್ಟಲಾಗದೆ ಮಾಲೀಕನಿಂದ ತಪ್ಪಿಸಿಕೊಂಡು ಓಡಾಡುತ್ತಾನೆ. ಅಮ್ಮ ಅಡುಗೆಮನೆಯಿಂದ ಇಣುಕಿ, "ಇವನಿಗಿಂತ ನಮ್ಮ ಮನೆ ಹಾಲಿನವನೇ ವಾಸಿ" ಎಂದದ್ದು ಇನ್ನೂ ನೆನಪಿದೆ. ಹಳೆಯ ಚಿತ್ರಗಳಲ್ಲಿ ಮಾತ್ರ ಭಯವಿತ್ತು, ಹೊಸತರಲ್ಲಿ ಬರೀ ಶಕ್ತಿ ಎಂಬ ವಿಂಗಡಣೆ ನನಗೆ ಒಪ್ಪಿಗೆಯಿಲ್ಲ. 2025ರ 'ಸೂಪರ್‌ಮ್ಯಾನ್' ಆರಂಭವಾಗುವುದೇ ಅವನು ಮೊದಲ ಬಾರಿಗೆ ಸೋತು ಹಿಮದ ಮೇಲೆ ಬಂದು ಬೀಳುವುದರಿಂದ. ಅವನನ್ನು ಎಳೆದೊಯ್ಯುವುದು ಅವನ ನಾಯಿ.

ಆದ್ದರಿಂದ ನನ್ನ ಸಲಹೆ 'ಡೂಮ್ಸ್‌ಡೇ' ಅಲ್ಲ, ಅದಕ್ಕೂ ಮೊದಲು 2026ರ ಜುಲೈ 31ಕ್ಕೆಂದು ಘೋಷಿಸಿರುವ 'ಸ್ಪೈಡರ್‌ಮ್ಯಾನ್: ಬ್ರ್ಯಾಂಡ್ ನ್ಯೂ ಡೇ'. 2021ರ ಸ್ಪೈಡರ್‌ಮ್ಯಾನ್ ಚಿತ್ರದ ಕೊನೆಯಲ್ಲಿ, ಆ ವೇಷದ ಹಿಂದಿನ ಹುಡುಗ ಪೀಟರ್ ಪಾರ್ಕರ್ ಎಂಬುವನು ಇದ್ದ ಎಂಬುದನ್ನೇ ಜಗತ್ತೆಲ್ಲ ಮರೆತುಬಿಡುತ್ತದೆ, ಅವನ ಗೆಳತಿಯೂ ಸೇರಿ. ಅದು ಅವನೇ ಕೇಳಿ ಪಡೆದ ಮರೆವು. ಅಂತರಗಂಗೆಯವರು ಕೇಳಿದ ಬೆಲೆ ಇದಕ್ಕಿಂತ ಹೆಚ್ಚಿನದು ಬೇಕೇ? ಹೊಸ ಚಿತ್ರ ಆ ನಷ್ಟವನ್ನು ಮೊದಲ ಹತ್ತು ನಿಮಿಷಗಳಲ್ಲೇ ಮಾಯ ಮಾಡದಿದ್ದರೆ ಸಾಕು.

ಯಾರೂ ಎತ್ತದ ಒಂದು ಸಂಗತಿ ಭಾಷೆಯದು. ಗುಬ್ಬಿ ಗೇಟ್ ಅವರು ಪ್ರಹ್ಲಾದನ ಪ್ರತಿ ಮಾತನ್ನೂ ಅರ್ಥ ಮಾಡಿಕೊಂಡು ಹೆದರಿದರು. ನಾವು ಶಕ್ತಿಮಾನ್ ನೋಡಿದ್ದು ಹಿಂದಿಯಲ್ಲಿ, ಸ್ಪೈಡರ್‌ಮ್ಯಾನ್ ನೋಡಿದ್ದು ಇಂಗ್ಲಿಷಿನಲ್ಲಿ. ಅರ್ಧ ಮುಖ ನೋಡಿ ಊಹಿಸಿದ್ದು. 2009ರಲ್ಲಿ ಚಿಂಟು ಟಿವಿ ಬಂದು ಕಾರ್ಟೂನುಗಳು ಕನ್ನಡ ಮಾತಾಡಿದಾಗ, ಪಾತ್ರಗಳು ತಮಾಷೆಯನ್ನೂ ಆಡುತ್ತವೆ ಎಂಬುದು ನನ್ನ ತಮ್ಮನಿಗೆ ಗೊತ್ತಾಯಿತು. ಬೇರೆ ಭಾಷೆಯ ಚಿತ್ರಗಳನ್ನು ಕನ್ನಡಕ್ಕೆ ಡಬ್ ಮಾಡುವುದರ ಮೇಲೆ ದಶಕಗಳ ಕಾಲ ಇದ್ದ ಅಘೋಷಿತ ತಡೆಗೆ 2015ರಲ್ಲಿ ಸ್ಪರ್ಧಾ ಆಯೋಗದ ಆದೇಶದಿಂದ ಪೆಟ್ಟು ಬಿತ್ತು. 2023ರಲ್ಲಿ 'ಅಕ್ರಾಸ್ ದ ಸ್ಪೈಡರ್‌ವರ್ಸ್' ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಬಂತು. ಆದರೆ ಕನ್ನಡದ ಪ್ರದರ್ಶನವನ್ನು ಹುಡುಕಿಕೊಂಡು ನಾನು ಬೆಂಗಳೂರಿನವರೆಗೆ ರೈಲು ಹತ್ತಬೇಕಾಯಿತು. ನಿಮ್ಮ ಮಗ ಬಬ್ರುವಾಹನನ ಬಾಣಕ್ಕೆ ನಕ್ಕನಲ್ಲ, ತಂದೆ–ಮಗನ ಮಾತಿನ ಸಮರಕ್ಕೂ ನಕ್ಕನೇ? ಅದನ್ನು ಹೇಳಲಿಲ್ಲ ನೀವು.

ಗುಬ್ಬಿ ಗೇಟ್ (ತುಮಕೂರು) ಮರುಬರಹ:

ಮೇಡಂ, ಒಳ್ಳೆಯ ಕಡೆಯೇ ಹಿಡಿದಿರಿ. ಆ ಮಾತಿನ ಸಮರ ಬರುವ ಮೊದಲೇ ನಾನು ಮುನಿಸಿಕೊಂಡು ಮೊಬೈಲನ್ನು ಆರಿಸಿಬಿಟ್ಟಿದ್ದೆ.

ಅಂತರಗಂಗೆಯವರ ಬೈಗುಳವನ್ನು ತಲೆಯ ಮೇಲಿಟ್ಟುಕೊಂಡು, ಮೊನ್ನೆ ಶನಿವಾರ ಪರಿಚಯದವರೊಬ್ಬರಿಂದ ಪ್ರೊಜೆಕ್ಟರ್ ತಂದು, ಮಹಡಿಯ ಮೇಲೆ ಬಿಳಿ ಪಂಚೆ ಕಟ್ಟಿ, ಅಕ್ಕಪಕ್ಕದ ಮನೆಯ ಏಳೆಂಟು ಮಕ್ಕಳನ್ನೂ ಕರೆದು, ದೀಪ ಆರಿಸಿ 'ಭಕ್ತ ಪ್ರಹ್ಲಾದ' ಹಾಕಿದೆವು. ಮೊದಲ ಅರ್ಧ ಗಂಟೆ ಗದ್ದಲವೇ ಗದ್ದಲ. ಹಾಡು ಬಂದಾಗಲೆಲ್ಲ ಒಬ್ಬನಲ್ಲ ಒಬ್ಬ ನೀರು ಕುಡಿಯಲು ಕೆಳಗಿಳಿಯುತ್ತಿದ್ದ. ಪ್ರಹ್ಲಾದನನ್ನು ಕೊಲ್ಲಲು ತಂದೆ ಒಂದಾದ ಮೇಲೊಂದು ಉಪಾಯ ಹೂಡುವಷ್ಟರಲ್ಲಿ ಮಾತು ತಾನಾಗಿ ಕಡಿಮೆಯಾಯಿತು. ನರಸಿಂಹನ ಮುಖವನ್ನು ನೋಡಿ ಇಬ್ಬರು ನಕ್ಕರು, ಅದನ್ನೂ ಹೇಳಿಬಿಡುತ್ತೇನೆ. ನನ್ನ ಮಗ ನಗಲಿಲ್ಲ. ಮಲಗುವಾಗ ಕೇಳಿದ: "ಅಪ್ಪ, ಕಂಬದೊಳಗೆ ದೇವರಿದ್ದಾನೆ ಅಂತ ಅವನಿಗೆ ಗೊತ್ತಿತ್ತಾ, ಇಲ್ಲಾ ಸುಮ್ಮನೆ ಹೇಳಿಬಿಟ್ಟನಾ?"

ನನಗೆ ಉತ್ತರ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆ ಎಂದೆ, ಇನ್ನೂ ಹೇಳಿಲ್ಲ. ಮುಂದಿನ ಶನಿವಾರಕ್ಕೆ 'ಮಿನ್ನಲ್ ಮುರಳಿ' ಎಂದು ತೀರ್ಮಾನವಾಗಿದೆ, ಪಕ್ಕದ ಮನೆಯವರು ಕಡಲೆಕಾಯಿ ಹುರಿದು ತರುತ್ತಾರಂತೆ. ಜುಲೈನಲ್ಲಿ ಸ್ಪೈಡರ್‌ಮ್ಯಾನ್ ಕನ್ನಡದಲ್ಲಿ ಬಂದು, ತುಮಕೂರಿನಲ್ಲಿ ಒಂದು ಆಟವಾದರೂ ಇದ್ದರೆ ಯಾರಾದರೂ ಇಲ್ಲಿ ತಿಳಿಸಿ. ಹತ್ತು ಟಿಕೆಟ್ ನಮ್ಮ ಮಹಡಿಯವರದೇ ಆಗುತ್ತದೆ.