ಔಟ್‌ಹೌಸಿಗೆ ತಾಮ್ರದ ತಂತಿ ಬೇಡ

ಸುಮಾ, ನಿನ್ನ ಮೆಸೇಜ್ ಈಗ ನೋಡ್ದೆ. ಔಟ್‌ಹೌಸಲ್ಲಿ ವೈಫೈ ಒಂದು ಕಡ್ಡಿನೂ ಬರಲ್ಲ, ಪುಟ್ಟಂಗೆ ಆನ್‌ಲೈನ್ ಪರೀಕ್ಷೆ, ನಾಳೆ ಒಬ್ಬ ಹುಡುಗ ಬಂದು ಟೆರೇಸಿಂದ ಲ್ಯಾನ್ ಕೇಬಲ್ ಎಳೀತಾನಂತೆ, ಎಳೆಸ್ಲಾ ಅಂತ ಕೇಳಿದೀಯ. ಬೇಡ ಕಣೆ. ಲ್ಯಾನ್ ಕೇಬಲ್ ಒಳಗಿರೋದು ತಾಮ್ರದ ತಂತಿ, ಎರಡು ಕಟ್ಟಡದ ಮಧ್ಯೆ ತಾಮ್ರ ಹೋಗಬಾರದು. ಆ ಹುಡುಗನಿಗೆ ಈಗಲೇ ಫೋನ್ ಮಾಡಿ ಬರಬೇಡ ಅನ್ನು.

ನಮ್ಮ ಹಿಂದಿನ ಶೆಡ್ಡಿಗೆ ಹಾಗೇ ಎಳೆದು ಹೋಗಿದ್ರಲ್ಲ, ನಿಮಗೆಲ್ಲ ಗೊತ್ತಿರೋದೇ. ಸಿಡಿಲು ನಮ್ಮನೆಗೆ ಹೊಡೀಲೂ ಇಲ್ಲ, ಎಲ್ಲೋ ಆಚೆ ಬಿತ್ತು. ಅಷ್ಟಕ್ಕೇ ರೂಟರಿನ ಆ ಒಂದು ಪೋರ್ಟಿನ ಬಾಯಿ ಕಪ್ಪಗಾಗಿ ಸುಟ್ಟ ವಾಸನೆ, ಶೆಡ್ಡಿನ ನೆಟ್‌ವರ್ಕ್ ಸ್ವಿಚ್ (ಒಂದು ಲ್ಯಾನ್ ತಂತೀನ ಹಲವಕ್ಕೆ ಹಂಚೋ ಡಬ್ಬಿ) ಸತ್ತೋಯ್ತು, ಅದಕ್ಕೆ ಸಿಕ್ಕಿಸಿದ್ದ ಟಿವಿ ಬೋರ್ಡೂ ಹೋಯ್ತು. ಸ್ಪೈಕ್ ಗಾರ್ಡ್ ಮಾತ್ರ ಹಾಗೇ ಇತ್ತು! ಯಾಕೆ ಹೇಳು, ಹೊಡೆತ ಬಂದಿದ್ದು ಪ್ಲಗ್ಗಿಂದಲ್ಲ, ಲ್ಯಾನ್ ತಂತಿಯಿಂದ. ಉದ್ದ ತಂತಿ ಹೊರಗಿದ್ರೆ ಹತ್ತಿರದ ಸಿಡಿಲಿಗೆ ಅದರಲ್ಲೇ ವೋಲ್ಟೇಜ್ ಹುಟ್ಟುತ್ತೆ. ಮೇಲಾಗಿ ಆ ಮನೆ ಅರ್ಥಿಂಗ್ ಬೇರೆ, ಈ ಮನೇದು ಬೇರೆ. ಸಿಡಿಲು ನೆಲಕ್ಕಿಳಿದ ಗಳಿಗೆಯಲ್ಲಿ ಎರಡರ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು, ಅದಕ್ಕೆ ಸುಲಭವಾಗಿ ಸಿಗೋ ದಾರಿ ಆ ಕೇಬಲ್. ಪೋರ್ಟಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್‌ನ ಪರೀಕ್ಷೆ ಮಾಡಿರೋದೇ 1500 ವೋಲ್ಟಿಗೆ. ಎಳೆದವನನ್ನ ಕರೆಸಿದ್ರೆ ರೂಟರೇ ಸರಿಯಿಲ್ಲ ಅಂತ ಹೇಳಿ ಹೋದ.

ಆ ಕೇಬಲಿನ ತುದಿ ಕತ್ತರಿಸಿ ಬೇರೆ ಪ್ಲಗ್ ಹಾಕೋಣ ಅಂದ್ರೆ ನನ್ನ ಕ್ರಿಂಪಿಂಗ್ ಟೂಲ್, ಪ್ಲಗ್ ಒತ್ತಿ ಕೂರಿಸೋ ಇಕ್ಕಳ, ಎಲ್ಲಿ? ಈ ಗ್ರೂಪಲ್ಲೇ ಇರೋ ಒಬ್ಬರ ಹತ್ರ. ಹೆಸರು ಹೇಳಲ್ಲ. ಕೇಳಿದ್ರೆ "ಇಲ್ಲೇ ಎಲ್ಲೋ ಇರಬೇಕು ದೊಡ್ಡಮ್ಮ" ಅಂತಾರೆ. ಕೇಬಲ್ ಟೆಸ್ಟರ್ ವಾಪಸ್ ಬಂತು, ಬ್ಯಾಟರಿ ಒಳಗೇ ಒಸರಿ ಸ್ಪ್ರಿಂಗೆಲ್ಲ ಹಸಿರು. ಬೆಳಿಗ್ಗೆ ಎದ್ರೆ ಹೂವಿನ ಫೋಟೋ ಕಳಿಸೋಕೆ ಮಾತ್ರ ಮರೆಯಲ್ಲ.

ಇನ್ನೊಂದ್ಸಲ ಹೇಳ್ತೀನಿ, ತಾಮ್ರ ಬೇಡ. ಅಯ್ಯೋ, ಮತ್ತೇನು ಹಾಕ್ಬೇಕು ಅಂತಾನೇ ಹೇಳಿಲ್ಲ ನೋಡು. ಫೈಬರ್ ಹಾಕ್ಸು. ಗಾಜಿನ ಎಳೆ, ಬೆಳಕು ಮಾತ್ರ ಹೋಗುತ್ತೆ, ಕರೆಂಟ್ ಹರಿಯಲ್ಲ. ಎರಡೂ ತುದಿಗೆ ಕನೆಕ್ಟರ್ ಕೂರಿಸಿಯೇ ಬರೋ ಸಿಂಗಲ್ ಮೋಡ್ ಅನ್ನೋ ಬಗೆಯ ಕೇಬಲ್, ಹೊರಗಡೆ ಹಾಕೋಂಥದ್ದು ತಗೋ. ಅಳತೆ ಮೇಲೆ ಆ ಕಡೆ 2 ಮೀಟರ್, ಈ ಕಡೆ 2 ಮೀಟರ್ ಜಾಸ್ತಿ ಇರಲಿ. ಒಳಗೆ ಸ್ಟೀಲ್ ತಂತಿ ಇರೋದು ಬೇಡ, ಇದ್ರೆ ಮತ್ತೆ ಅದೇ ಗೋಳು. ಎರಡು ಕಡೆಗೂ ಮೀಡಿಯಾ ಕನ್ವರ್ಟರ್ ಬೇಕು, ಅಂದ್ರೆ ಫೈಬರಿನ ಬೆಳಕನ್ನ ಲ್ಯಾನ್ ಸಿಗ್ನಲ್ ಮಾಡೋ, ಲ್ಯಾನನ್ನ ಬೆಳಕು ಮಾಡೋ ಡಬ್ಬಿ. ಒಂದೇ ಎಳೆಯದ್ದಾದ್ರೆ ಒಂದು ಎ, ಒಂದು ಬಿ ಇರಲೇಬೇಕು: ಒಂದು 1310 ನ್ಯಾನೋಮೀಟರ್ ಅಲೆಯುದ್ದದ ಬೆಳಕಲ್ಲಿ ಕಳಿಸಿದ್ರೆ ಇನ್ನೊಂದು 1550ರಲ್ಲಿ. ಎರಡೂ ಎ ತಂದ್ರೆ ಲಿಂಕ್ ದೀಪ ಹತ್ತೋದೇ ಇಲ್ಲ. ಕನ್ವರ್ಟರ್ ಬಾಯಿ ನೀಲಿ ಇದ್ರೆ ಕನೆಕ್ಟರೂ ನೀಲಿ. ಹಸಿರಿನ ತುದಿ ಓರೆಯಾಗಿ ಉಜ್ಜಿರುತ್ತೆ, ನೀಲಿಗೆ ಸಿಕ್ಕಿಸಿದ್ರೆ ಬೆಳಕು ಸೋರುತ್ತೆ.

ಕೇಬಲ್ ಹೋಗೋಕೆ ನೆಲದಲ್ಲಿ 25 ಎಂಎಂ ಪೈಪ್ ಹೂಳ್ಸು, ಒಂದೂವರೆ ಅಡಿ ಆಳ. ಮೂಲೆಯಲ್ಲಿ ಥಟ್ಟನೆ ತಿರುಗೋ ಎಲ್ಬೋ ಬೇಡ, ನಿಧಾನಕ್ಕೆ ಬಾಗೋ ಲಾಂಗ್ ಬೆಂಡ್. ಹಗ್ಗವನ್ನ ಕೇಬಲಿನ ಮೈಗೆ ಕಟ್ಟಿ ಎಳೀಲಿ, ಕನೆಕ್ಟರ್ ಹಿಡಿದು ಎಳೆದ್ರೆ ಕಿತ್ತು ಬರುತ್ತೆ. ಪೈಪಿನ ಎರಡೂ ಬಾಯಿ ಮುಚ್ಚಿಸು, ಇರುವೆ ಇಲಿ ಸೇರ್ಕೊಳ್ತವೆ.

ಆ ಕಡೆ ಹಳೇ ರೂಟರ್ ಸಾಕು. ಮೊದಲು ಅದರ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪಿಗೆ ಅಡ್ರೆಸ್ ಹಂಚೋ ಕೆಲಸ) ಆಫ್ ಮಾಡು, ಮನೆ ರೂಟರಿನ ಅಡ್ರೆಸ್ 192.168.1.1 ಇದ್ರೆ ಇದಕ್ಕೆ 192.168.1.2 ಕೊಡು. ಕನ್ವರ್ಟರಿಂದ ಬರೋ ತುಂಡು ಕೇಬಲ್ ಲ್ಯಾನ್ ಪೋರ್ಟಿಗೆ, ಇಂಟರ್ನೆಟ್ ಅಂತ ಬರೆದಿರೋದಕ್ಕಲ್ಲ. ವೈಫೈ ಹೆಸರು, ಪಾಸ್‌ವರ್ಡ್ ಮನೇದೇ ಇಡು.

ರಿಪೀಟರ್ (ವೈಫೈ ಹಿಡಿದು ಮುಂದಕ್ಕೆ ದಾಟಿಸೋ ಡಬ್ಬಿ) ಬಗ್ಗೆ ಕೇಳ್ಬೇಡ, ಕೇಳೋದೂ ಹೇಳೋದೂ ಒಂದೇ ಬ್ಯಾಂಡಲ್ಲಿ ಆದ್ರೆ ಸ್ಪೀಡ್ ಅರ್ಧಕ್ಕಿಳಿಯುತ್ತೆ. ಅಗೆಯೋಕೇ ಆಗಲ್ಲ ಅಂದ್ರೆ 5 ಗಿಗಾಹರ್ಟ್ಸ್ ಬ್ರಿಡ್ಜ್ ಜೋಡಿ, ತಂತಿಯಿಲ್ಲದೆ ಎರಡು ಕಟ್ಟಡ ಜೋಡಿಸೋ ಆಂಟೆನಾ, ಎದುರುಬದುರು ಹಾಕ್ಸು, ಆದ್ರೆ ನಡುವೆ ಮರ ಇರಬಾರದು, ಒದ್ದೆ ಎಲೆ ಸಿಗ್ನಲ್ ನುಂಗುತ್ತೆ. ಪರೀಕ್ಷೆಯೊಳಗೆ ಯಾವುದೂ ಮುಗಿಯಲ್ಲ ಅಂದ್ರೆ ಆವತ್ತೊಂದು ದಿನ ಪುಟ್ಟ ಮನೆಯೊಳಗೇ ರೂಟರ್ ಪಕ್ಕ ಕೂತು ಬರೀಲಿ.