ಸಹಾಯ ಬೇಕು: ಹೈಕ್ಯೂ ಮಾಂಗಾದ 12, 13ನೇ ಸಂಪುಟ ಎಲ್ಲಿ ಸಿಗುತ್ತವೆ?

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನವರು. ಮಗಳು ಶಾಲೆಯ ವಾಲಿಬಾಲ್ ತಂಡದಲ್ಲಿ ಆಡುತ್ತಾಳೆ. ಅವಳಿಗೆ ಹೈಕ್ಯೂ ಅನ್ನೋ ವಾಲಿಬಾಲ್ ಕಥೆಯ ಮಾಂಗಾ (ಜಪಾನಿ ಕಾಮಿಕ್ಸ್) ಅಂದ್ರೆ ಪ್ರಾಣ. ವಿಜ್ ಮೀಡಿಯಾ ಪ್ರಕಾಶನದ ಇಂಗ್ಲಿಷ್ ಅನುವಾದದಲ್ಲಿ ಒಟ್ಟು 45 ಸಂಪುಟಗಳಿವೆ. ನಮ್ಮ ಹತ್ರ 11ರವರೆಗೆ ಇವೆ.

ಹೋದ ತಿಂಗಳು ಆನ್‌ಲೈನ್‌ನಲ್ಲಿ ಒಬ್ಬರ ಹತ್ರ 12ನೆಯದನ್ನು ತರಿಸಿದೆ. ಬಂದದ್ದು ನಕಲಿ ಪ್ರತಿ. ಕಪ್ಪು ಇರಬೇಕಾದ ಕಡೆಯೆಲ್ಲ ಬೂದಿ ಬಣ್ಣ. ಅಂಚಿನ ಮಾತುಗಳು ಅರ್ಧಕ್ಕೇ ಕತ್ತರಿಸಿ ಹೋಗಿದ್ದವು. ಎರಡನೇ ಸಲ ತೆರೆದಾಗ ಅಂಟು ಬಿಟ್ಟು ಹಾಳೆ ಕೈಗೇ ಬಂತು. ಅವಳ ಮುಖ ನೋಡಿ ತುಂಬಾ ಬೇಜಾರಾಯ್ತು. ಅಷ್ಟು ಕಷ್ಟಪಟ್ಟು ಚಿತ್ರ ಬಿಡಿಸಿದವರಿಗೂ ಇದು ಅನ್ಯಾಯ ಅಲ್ವಾ? ಇನ್ನು ಮೇಲೆ ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ನೋಡಿ ತಗೊಳ್ಳುತ್ತೇವೆ.

ಬೆಂಗಳೂರಿನ ಚರ್ಚ್ ಸ್ಟ್ರೀಟ್ ಕಡೆ ಹೋಗುವವರು ಪುಸ್ತಕದಂಗಡಿಗಳಾದ ಬ್ಲಾಸಮ್ ಅಥವಾ ಬುಕ್‌ವರ್ಮ್‌ನಲ್ಲಿ ಹೊಸ ಮಾಂಗಾ ಸ್ಟಾಕ್ ಬಂದಿದೆಯಾ ಅಂತ ಒಮ್ಮೆ ನೋಡಿ ಹೇಳುತ್ತೀರಾ? ಮೈಸೂರಲ್ಲೇ ಸಿಕ್ಕರೆ ಇನ್ನೂ ಒಳ್ಳೆಯದು. ಸಂಪುಟದ ಸಂಖ್ಯೆ ಪುಸ್ತಕದ ಬೆನ್ನಿನ ಮೇಲಿರುತ್ತದೆ. ಮಾಂಗಾ ಬಲದಿಂದ ಎಡಕ್ಕೆ ಓದುವಂಥದ್ದು, ಹಾಗಾಗಿ ನಮಗೆ ಹಿಂದಿನ ರಟ್ಟು ಅನ್ನಿಸುವುದೇ ಅದರ ಮುಖಪುಟ. ಬೆನ್ನು, ಬೆಲೆ ಕಾಣುವ ಹಾಗೆ ಒಂದು ಫೋಟೊ ಹಾಕಿದರೆ ಸಾಕು. ಶನಿವಾರ ಬೆಳಗಿನ ರೈಲಿಗೆ ನಾನೇ ಬಂದು ತಗೊಂಡು ಹೋಗುತ್ತೇನೆ.