ಅವ್ವನ ಟೊಂಕ ನೋವು: ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಧಾರವಾಡದಿಂದ ಪ್ರಶ್ನೆ: ನಮ್ಮ ಅವ್ವನಿಗೆ 71. ಮೂರು ತಿಂಗಳಿಂದ ಟೊಂಕ ನೋವು. ರೊಟ್ಟಿ ಬಡಿದು ಏಳುವಾಗ ಗೋಡೆ ಹಿಡಿಯುತ್ತಾಳೆ. ಎಂಆರ್‌ಐ ಸ್ಕ್ಯಾನ್ ಮಾಡಿಸಿದೆವು. 'ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸವೆದಿದೆ, ಉಬ್ಬಿದೆ' ಅಂತ ರಿಪೋರ್ಟ್. ಅದನ್ನು ಕೇಳಿದಾಗಿನಿಂದ ಹಾಸಿಗೆ ಬಿಟ್ಟು ಏಳಲು ಹೆದರುತ್ತಿದ್ದಾಳೆ. ವಯಸ್ಸಾದವರಿಗೆಲ್ಲ ಹೀಗೇ ಆಗುತ್ತಾ?

ಹುಬ್ಬಳ್ಳಿಯಿಂದ: ರಿಪೋರ್ಟ್ ನೋಡಿ ಗಾಬರಿ ಆಗಬೇಡ್ರಿ. ನಮ್ಮತ್ತೆಯದ್ದೂ ಅಕ್ಷರಕ್ಕೆ ಅಕ್ಷರ ಅದೇ. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನೆಲ್ಲ ಒಟ್ಟು ಹಾಕಿ ನೋಡಿದ ಅಧ್ಯಯನವೊಂದು 2015ರಲ್ಲಿ ಬಂತು. 80 ವರ್ಷದವರಲ್ಲಿ 96% ಮಂದಿಗೆ ಡಿಸ್ಕ್ ಸವೆದಿತ್ತು. 20ರ ಹುಡುಗರಲ್ಲೇ 37%! ತಲೆಗೂದಲು ಬೆಳ್ಳಗಾದ ಹಾಗೆ ಅದು. ಡಿಸ್ಕಿನ ನೀರಿನಂಶ ಆರುತ್ತದೆ, ಬೆನ್ನುಮೂಳೆಯ ಹಿಂಬದಿಯ ಸಣ್ಣ ಕೀಲುಗಳು ಸವೆಯುತ್ತವೆ, ಬೆನ್ನು ಹಿಡಿದು ನಿಲ್ಲಿಸುವ ಸ್ನಾಯು ಸೊರಗುತ್ತದೆ. ಇಷ್ಟಾದರೂ ಹತ್ತರಲ್ಲಿ ಒಂಬತ್ತು ಮಂದಿಯ ನೋವಿಗೆ ಇದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. 2020ರಲ್ಲಿ ಜಗತ್ತಿನಲ್ಲಿ 61.9 ಕೋಟಿ ಜನಕ್ಕೆ ಟೊಂಕ ನೋವಿತ್ತಂತೆ. ಹೆಣ್ಣುಮಕ್ಕಳಿಗೇ ಜಾಸ್ತಿ. ನಾವು ರೊಟ್ಟಿ ಬಡಿಯುವುದನ್ನು ನೆಲದಿಂದ ಕಟ್ಟೆಗೆ ತಂದೆವು, ಅಷ್ಟೇ. ಮೊದಲ ವಾರ 'ರೊಟ್ಟಿ ತೆಳ್ಳಗಾಗಲ್ಲ' ಅಂತ ಅತ್ತೆ ಸಿಟ್ಟಾದರು.

ಬೆಟಗೇರಿಯಿಂದ: ನಮ್ಮಪ್ಪ ನಲವತ್ತು ವರ್ಷ ಕುಣಿಮಗ್ಗದಲ್ಲಿ ಕುಳಿತವರು. ಅವರದ್ದು ವಿಚಿತ್ರ. ಓಣಿ ದಾಟುವಷ್ಟರಲ್ಲಿ ಎರಡೂ ಕಾಲು ಭಾರವಾಗಿ, ಜುಮ್ಮೆಂದು ನಿಂತುಬಿಡುತ್ತಿದ್ದರು. ಸೈಕಲ್ ಮೇಲಾದರೆ ಸೀದಾ ಗದಗ ಸಂತೆತನಕ! ನಾಟಕ ಮಾಡುತ್ತಾರೆ ಅಂತ ನಾವೇ ನಕ್ಕಿದ್ದೆವು. ಡಾಕ್ಟರು ಮಾತ್ರ ಸೈಕಲ್ ಅಂದ ಕೂಡಲೇ ಹಿಡಿದರು. ಬೆನ್ನುಮೂಳೆಯೊಳಗೆ ನರ ಹೋಗುವ ದಾರಿ ಇಕ್ಕಟ್ಟಾಗಿದೆ. ನೆಟ್ಟಗೆ ನಿಂತರೆ ಇನ್ನಷ್ಟು ಇಕ್ಕಟ್ಟು, ಮುಂದಕ್ಕೆ ಬಗ್ಗಿದರೆ ಸ್ವಲ್ಪ ಸಡಿಲ. ನಿಮ್ಮ ಅವ್ವನಿಗೆ ಯಾವಾಗ ಹೆಚ್ಚು, ಯಾವಾಗ ಕಡಿಮೆ ಅಂತ ಬರೆದಿಡಿ. ಸ್ಕ್ಯಾನಿಗಿಂತ ಅದೇ ಹೆಚ್ಚು ಹೇಳಬಹುದು.

ಹಾವೇರಿಯಿಂದ: ಎರಡು ತಪ್ಪು ನಾವು ಮಾಡಿದ್ದೇವೆ, ನೀವು ಮಾಡಬೇಡಿ. ಒಂದು, ಅಮ್ಮನಿಗೆ ಬೆಲ್ಟ್ ಕಟ್ಟಿ ಮೂರು ವಾರ ಮಲಗಿಸಿದೆವು. ಎದ್ದಾಗ ಟೊಂಕದ ಜೊತೆ ಕಾಲಿನ ಶಕ್ತಿಯೂ ಹೋಗಿತ್ತು. ಹಳೇ ಟೊಂಕ ನೋವಿಗೆ ಸುಮ್ನೆ ಬೆಲ್ಟ್ ಬೇಡ, ವ್ಯಾಯಾಮ ಮಾಡಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ. ಇನ್ನೊಂದು ದೊಡ್ಡದು. ನಮ್ಮ ದೊಡ್ಡವ್ವ ತುಂಬಿದ ಕೊಡ ಎತ್ತುವಾಗ 'ಕಟ್' ಅಂತು. ಉಳುಕು ಅಂದುಕೊಂಡು, ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಹೋಗುತ್ತದೆ ಅಂತ ನಂಬಿ, ಅಂಥವರನ್ನು ಹುಡುಕಿ ಬೆನ್ನು ತುಳಿಸಿದರು! ಆಮೇಲೆ ಎಕ್ಸ್‌ರೇಯಲ್ಲಿ ನೋಡಿದರೆ ಬೆನ್ನುಮೂಳೆ ಕುಸಿದಿತ್ತು. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗುತ್ತದೆ, ಕೆಮ್ಮಿದರೂ ಮುರಿಯಬಹುದು. ಅಚಾನಕ್ ಜೋರು ನೋವು, ಜ್ವರ, ತೂಕ ಇಳಿಯುವುದು, ಕಾಲಲ್ಲಿ ಬಲ ಇಲ್ಲದಿರುವುದು, ಮೂತ್ರ ತಡೆಯಲಾಗದಿರುವುದು, ಕೂರುವ ಜಾಗ ಜೋಮು ಹಿಡಿಯುವುದು, ಇದರಲ್ಲಿ ಯಾವುದಿದ್ದರೂ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಧಾರವಾಡದಿಂದ ಮತ್ತೆ: ಅಂಥದ್ದೇನೂ ಇಲ್ಲ, ಕೇಳಿ ನೋಡಿದೆ. ನಿನ್ನೆ ಸಂಜೆ ಅವ್ವನನ್ನು ಓಣಿ ತುದಿಯ ಗುಡಿತನಕ ನಡೆಸಿಕೊಂಡು ಹೋದೆ. ದಾರಿಯಲ್ಲಿ ಎರಡು ಕಡೆ ಕಟ್ಟೆ ಮೇಲೆ ಕುಳಿತಳು. ಬಗ್ಗಿ ಕುಳಿತರೆ ಹಗುರ ಅಂದಳು. ಬೆಟಗೇರಿಯವರೇ, ಇದು ನಿಮ್ಮಪ್ಪನ ಹಾಗೇ ಅಲ್ವಾ? ಸೋಮವಾರ ಡಾಕ್ಟರಿಗೆ ಮೊದಲು ಇದನ್ನೇ ಹೇಳುತ್ತೇನೆ.